ಎಡಗಡೆಯ ಕನ್ನಡಿ

ಜನವರಿ ೪

ಹಾರ್ನು,

ಇನ್ನು ಮುಂದೆ ನನಗೆ ಫೋನ್ ಮಾಡಬೇಡ. ಸಮುದ್ರದ ನಡುವಿನ ನಿನ್ನ ಆ ಎಣ್ಣೆ ಬಾವಿಯಿಂದ ಬರುವ ಫೋನಿನಲ್ಲಿ ಅರ್ಧ ಮಾತನ್ನು ಗಾಳಿ ನುಂಗುತ್ತದೆ, ಉಳಿದರ್ಧವನ್ನು ನೀನು ನುಂಗುತ್ತೀಯ. ನಿನ್ನೆ ನಾನು ಬಾಯಿ ತೆರೆದದ್ದೇ ತಡ, ನೀನು "ಅಮ್ಮ, ಅಷ್ಟು ಅಗಲದ್ದು ನಿಂಗ್ಯಾಕೆ?" ಅಂದೆ. ಯಾಕೆ ಅಂತ ಹೇಳಲು ಉಸಿರು ತೆಗೆದುಕೊಳ್ಳುವಷ್ಟರಲ್ಲಿ "ಡಾಕ್ಟ್ರು ಏನ್ ಹೇಳಿದ್ರು ನೆನಪಿದೆಯಾ?" ಅಂದೆ. ಲೈನ್ ತಾನಾಗಿ ಕಟ್ ಆಯಿತು ಅಂದುಕೊಂಡಿದ್ದರೆ, ಅಲ್ಲ. ನಾನೇ ಇಟ್ಟದ್ದು.

ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲಾರೆ. ನಿಮಗೆ ಸಾಮಾನು ತರುವ ದೋಣಿಯಲ್ಲಿ ಅಕ್ಕಿ ಬೇಳೆಯ ಜೊತೆ ಇದೂ ಬರಲಿ. ಪೂರ್ತಿ ಓದು, ಪೂರ್ತಿ ಸಿಟ್ಟಾಗು, ಆಮೇಲೆ ಉತ್ತರ ಬರಿ.

ನನ್ನ ಕಂಪ್ಯೂಟರಿನ ಪರದೆ ಕೈಕೊಟ್ಟಿದೆ. ನಟ್ಟ ನಡುವೆ ಒಂದು ಹಸಿರು ಗೆರೆ ಬಂದು ನಿಂತಿದೆ. ಬಸ್ಸಿನ ಆಟ ಹಾಕಿದರೆ ಯಾವ ರಸ್ತೆಗೆ ಹೋದರೂ ಮುಂದೊಂದು ಹಸಿರು ಕಂಬ. ನಿನ್ನ ದೊಡ್ಡಮ್ಮನನ್ನು ಕರೆದುಕೊಂಡು ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಮೂರು ಥರದವು ತೋರಿಸಿದ. ಒಂದು ಹೆಚ್ಚುಕಡಿಮೆ ಚೌಕ, ಐದಕ್ಕೆ ನಾಲ್ಕು ಅಂತೆ, ಕಚೇರಿಗಳಲ್ಲಿ ಇಡುತ್ತಾರಲ್ಲ ಅದು. ಇನ್ನೊಂದು ಹದಿನಾರಕ್ಕೆ ಒಂಬತ್ತು, ಈಗ ನನ್ನ ಹತ್ತಿರ ಇರುವಂಥದ್ದು. ಮೂರನೆಯದು ಗೋಡೆಗೆ ಒರಗಿಸಿ ಇಟ್ಟಿದ್ದ, ಇಪ್ಪತ್ತೊಂದಕ್ಕೆ ಒಂಬತ್ತು. ಬಸ್ಸಿನ ಮುಂದಿನ ಗಾಜು ಬಿಚ್ಚಿ ತಂದು ಇಟ್ಟ ಹಾಗಿತ್ತು.

"ಎಲ್ಲರೂ ತಗೊಳ್ಳೋದು ನಡುವಿಂದೇ ಮೇಡಂ," ಅಂದ.

"ಎಲ್ಲರ ಕಣ್ಣು ನನಗಿಲ್ಲಪ್ಪ," ಅಂದೆ.

ನೀನು ನನ್ನನ್ನು ಆಸ್ಪತ್ರೆಯಲ್ಲಿ ನೋಡಿ ಹೋದವಳು, ಮನೆಯಲ್ಲಿ ನೋಡಿಲ್ಲ. ಅದಕ್ಕೆ ಹೇಳುತ್ತೇನೆ. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕರಗಿತು, ಕೈಕಾಲು ನೆಟ್ಟಗಾಯಿತು, ಬಾಯಿ ಹೇಗಿದೆ ಅಂತ ನಿನಗೇ ಗೊತ್ತು. ಎರಡೂ ಕಣ್ಣಿನ ಎಡಗಡೆಯ ಅರ್ಧ ಮಾತ್ರ ವಾಪಸು ಬರಲಿಲ್ಲ. ಜನ ಅದನ್ನು ಕತ್ತಲೆ ಅಂದುಕೊಳ್ಳುತ್ತಾರೆ. ಕತ್ತಲೆಯೂ ಅಲ್ಲ. ನಿನ್ನ ಬೆನ್ನ ಹಿಂದೆ ನಿನಗೆ ಏನು ಕಾಣುತ್ತದೋ ನನ್ನ ಎಡಗಡೆ ನನಗೆ ಅಷ್ಟು ಕಾಣುತ್ತದೆ. ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸುತ್ತೇನೆ. ತಟ್ಟೆಯಲ್ಲಿ ಎಡಗಡೆ ಬಡಿಸಿದ ಪಲ್ಯ ಹಾಗೇ ಉಳಿಯುತ್ತದೆ, ಅಕ್ಕ ಬಂದು ತಟ್ಟೆ ತಿರುಗಿಸಿ ಹೋಗುತ್ತಾಳೆ. ಎಲ್ಲರೂ ನನ್ನ ಬಲಗಡೆ ಬಂದು ನಿಂತು ಮಾತಾಡುತ್ತಾರೆ. ಪುಣ್ಯವಂತರು.

ಜೀವಮಾನವೆಲ್ಲ ಊರಿನ ಬಸ್ಸು ಓಡಿಸಿದೆ. ಈಗ ಉಳಿದಿರುವುದು ಈ ಆಟ. ಮೇಜಿಗೆ ಕಚ್ಚಿಸಿದ ಸ್ಟೀರಿಂಗು, ಕಾಲಕೆಳಗೆ ಪೆಡಲು, ಸಂಜೆಯಾದರೆ ಎಲ್ಲೆಲ್ಲಿಂದಲೋ ಸೇರುವ ಏಳೆಂಟು ಜನ ಚಾಲಕರು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಬಸ್ಸು ಬಿಡುತ್ತೇವೆ, ಸಾಲಿಗೊಬ್ಬ ಕ್ಯಾಪ್ಟನ್ ಇದ್ದಾನೆ. ಅಲ್ಲಿ ನನ್ನ ಹೆಸರು ಹಳೇ ಕ್ಲಚ್ಚು. ನನಗೆ ಅಗಲದ್ದು ಬೇಕು. ಬೇಕು ಅಂದರೆ ಬೇಕು.

ನಿನ್ನ ಅಮ್ಮ

•

ಜನವರಿ ೨೧

ಅಮ್ಮ,

ಪೂರ್ತಿ ಓದಿದೆ. ಸಿಟ್ಟಾಗಲಿಲ್ಲ. ನೀನು ಹೇಳಿದ್ದಕ್ಕೆ ಸಿಟ್ಟಾಗಬಾರದು ಅಂತ ಊಟ ಮುಗಿಸಿಕೊಂಡು ಓದಿದೆ.

ಈಗ ನನ್ನ ಮಾತನ್ನೂ ಪೂರ್ತಿ ಓದು. ನಾನು ಇಲ್ಲಿ ಕರೆಂಟಿನ ಕೆಲಸ ಮಾಡುವವಳು. ದೀಪ ಯಾರ ಮೇಲೆ ಬೀಳಬೇಕೋ ಅಲ್ಲಿ ಬೀಳಿಸುವುದು, ಬೇಡದ ಕಡೆ ಬೀಳದಂತೆ ನೋಡಿಕೊಳ್ಳುವುದು ನನ್ನ ದಿನದ ಪಾಡು. ನಿನ್ನ ಕಣ್ಣಿನ ಲೆಕ್ಕವನ್ನೂ ಹಾಗೇ ಹಾಕಿದೆ. ನೀನು ಮೇಜಿನಿಂದ ಕೈ ಚಾಚುವಷ್ಟು ದೂರ ಕೂರುತ್ತೀಯ. ನೇರ ನೋಡಿದಾಗ ನಿನ್ನ ಮೂಗಿನ ಬಲಕ್ಕಿರುವುದು ಕಾಣುತ್ತದೆ. ಅಗಲದ ಪರದೆಯನ್ನು ಎದುರಿಗೆ ಇಟ್ಟರೆ ಅದರ ಅರ್ಧ ದಂಡ. ಕಾಣದ ಅರ್ಧಕ್ಕೂ ನೀನು ಕತ್ತು ಸವೆಸಬೇಕು. ಅದರ ಬದಲು ಚೌಕದ ಚಿಕ್ಕ ಪರದೆಯನ್ನು ಸ್ವಲ್ಪ ಬಲಕ್ಕೆ ಸರಿಸಿ ಇಟ್ಟರೆ ಇಡೀ ಪರದೆ ನಿನಗೆ ಕಾಣುವ ಭಾಗದೊಳಗೇ ಕೂರುತ್ತದೆ. ಒಂದು ಮೂಲೆಯೂ ತಪ್ಪುವುದಿಲ್ಲ. ಹಿಂದಿನ ಪುಟದಲ್ಲಿ ಚಿತ್ರ ಬರೆದಿದ್ದೇನೆ. ಗುಂಡಗಿರುವುದು ನಿನ್ನ ತಲೆ, ಸಿಟ್ಟಾಗಬೇಡ.

ನಿನ್ನ ಸಾಲಿನ ಕ್ಯಾಪ್ಟನ್ ಏನನ್ನುತ್ತಾನೆ ಕೇಳು. ಅವನೂ ಇದನ್ನೇ ಹೇಳುತ್ತಾನೆ ಅಂತ ನನ್ನ ನಂಬಿಕೆ. ಆಟದಲ್ಲಿ ಗೆಲ್ಲುವವರು ಎದುರಿನದನ್ನು ಚೆನ್ನಾಗಿ ನೋಡುವವರು, ಅಕ್ಕಪಕ್ಕ ನೋಡುತ್ತಾ ಕೂರುವವರಲ್ಲ.

ಬಂದರಿನ ಅಂಗಡಿಗೆ ಹೇಳಿ ಚೌಕದ್ದನ್ನು ಕಳಿಸಿದ್ದೇನೆ. ಈ ಪತ್ರದ ಹಿಂದೆಯೇ ಬರುತ್ತದೆ. ದಯವಿಟ್ಟು ವಾಪಸು ಕಳಿಸಬೇಡ. ದೊಡ್ಡಮ್ಮನಿಗೆ ಹೇಳು, ಪೆಟ್ಟಿಗೆ ಎತ್ತುವಾಗ ಅವಳು ನಿನ್ನ ಎಡಗಡೆ ಇರಲಿ.

ಈ ಸಲದ ರಜೆಗೂ ಬರಲಾಗುವುದಿಲ್ಲ. ಒಬ್ಬನಿಗೆ ಹುಷಾರಿಲ್ಲ, ಅವನ ಪಾಳಿ ನಾನು ಹಿಡಿದಿದ್ದೇನೆ.

ಹಾರ್ನು

•

ಫೆಬ್ರವರಿ ೧೨

ಹಾರ್ನು,

ಚೌಕ ಬಂತು. ನಿನ್ನ ಚಿತ್ರದಲ್ಲಿ ಇರುವ ಹಾಗೆಯೇ ಬಲಕ್ಕೆ ಸರಿಸಿ ಇಟ್ಟೆ. ಗುಂಡಗಿನ ತಲೆಯನ್ನು ಅದರ ಜಾಗದಲ್ಲಿ ಕೂರಿಸಿದೆ. ಅನ್ಯಾಯವಾಗಿ ಮಾತಾಡಬಾರದು, ನಿನ್ನ ಲೆಕ್ಕ ಸರಿ. ಮೂಲೆಮೂಲೆಯೂ ಕಂಡಿತು. ರಸ್ತೆ ಕಂಡಿತು, ಮುಂದಿನ ಬಸ್ಸಿನ ಬಾಲ ಕಂಡಿತು, ಸ್ಟೀರಿಂಗು ಕಂಡಿತು.

ಎಡಗಡೆಯ ಕನ್ನಡಿ ಮಾತ್ರ ಇರಲಿಲ್ಲ.

ನನಗೆ ಕಾಣುತ್ತಿಲ್ಲ ಅಂದುಕೊಂಡು ಕುರ್ಚಿ ತಿರುಗಿಸಿದೆ. ಅಕ್ಕನನ್ನು ಕರೆದು ತೋರಿಸಿದೆ. ಅವಳೂ ಹುಡುಕಿದಳು. ಇಲ್ಲವೇ ಇಲ್ಲ. ಬಾಗಿಲೂ ಇಲ್ಲ, ಬಾಗಿಲ ಹತ್ತಿರ ನಿಲ್ಲುವ ಜನವೂ ಇಲ್ಲ. ಆಮೇಲೆ ಗೊತ್ತಾಯಿತು, ಪರದೆ ಕಿರಿದಾದರೆ ಈ ಆಟ ಎರಡೂ ಬದಿಯನ್ನು ಕತ್ತರಿಸಿ ಎಸೆಯುತ್ತದೆ. ಅಗಲವಾದರೆ ಬದಿಗಳನ್ನೂ ತಂದು ತೋರಿಸುತ್ತದೆ. ನಿನ್ನ ಚಿತ್ರದಲ್ಲಿ ಇದಿಲ್ಲ, ಯಾಕೆಂದರೆ ನೀನು ಆಟ ಆಡಿಲ್ಲ, ಬಸ್ಸೂ ಓಡಿಸಿಲ್ಲ.

ಎಡಗಡೆಯೇ ಬಸ್ಸು ಕಣೇ. ಬಾಗಿಲು ಎಡಕ್ಕೆ, ಜನ ಹತ್ತುವುದು ಎಡದಿಂದ, ಓಡಿಬರುವವರು ಕಾಣುವುದು ಎಡಗನ್ನಡಿಯಲ್ಲಿ. ಬಲಗಡೆ ಇರುವುದು ಬೇರೆಯವರ ಗಾಡಿಗಳು. ನಿನ್ನನ್ನು ಎಲ್ಲೂ ಬಿಡಲಾಗದೆ ಡ್ಯೂಟಿಗೆ ಕರೆದುಕೊಂಡು ಹೋಗುತ್ತಿದ್ದೆನಲ್ಲ, ನನ್ನ ಸೀಟಿನ ಪಕ್ಕದ ಬಾನೆಟ್ಟಿನ ಮೇಲೆ ಚೀಲ ಹಾಸಿ ಕೂರಿಸುತ್ತಿದ್ದೆ, ಅದೂ ಎಡಗಡೆಯೇ. ಬೆಳಗಿನಿಂದ ಸಂಜೆಯವರೆಗೆ ನೀನು ಅಲ್ಲಿ ಕೂತು ಕಿರುಚುತ್ತಿದ್ದೆ, ಅದಕ್ಕೇ ಡಿಪೋದವರೆಲ್ಲ ಸೇರಿ ನಿನಗೆ ಹಾರ್ನು ಅಂತ ಹೆಸರಿಟ್ಟದ್ದು.

ನನಗೆ ಎಡಗಡೆ ಕಾಣುವುದಿಲ್ಲ, ನಿಜ. ಹಾಗಂತ ಎಡಗಡೆಯೇ ಇಲ್ಲದ ಬಸ್ಸನ್ನು ನೀನು ಪ್ಯಾಕ್ ಮಾಡಿ ಕಳಿಸಿದರೆ ನಾನು ಕೈಮುಗಿದು ತೆಗೆದುಕೊಳ್ಳಬೇಕಾ? ನನಗೆ ಕಾಣದೆ ಇರುವುದು ಬೇರೆ, ಅದು ಇಲ್ಲದೇ ಇರುವುದು ಬೇರೆ. ನನಗೆ ಕಾಣದಿದ್ದರೂ ಅದು ಅಲ್ಲಿರಬೇಕು.

ವಾಪಸು ಕಳಿಸಿಲ್ಲ, ಹೆದರಬೇಡ. ನಿನ್ನ ದೊಡ್ಡಮ್ಮ ಹೊಲಿಗೆ ಮೆಷಿನ್ ಪಕ್ಕ ಇಟ್ಟುಕೊಂಡಿದ್ದಾಳೆ. ರವಿಕೆ ಕತ್ತಿನ ನಮೂನೆಗಳನ್ನು ಅದರಲ್ಲಿ ದೊಡ್ಡದಾಗಿ ನೋಡಿಕೊಂಡು ಕತ್ತರಿಸುತ್ತಾಳೆ. ಅವಳಿಗೆ ಹೇಳಿ ಮಾಡಿಸಿದ ಹಾಗಿದೆ.

ನಾನು ಅಗಲದ್ದನ್ನು ತಂದೆ. ಮೇಜಿನ ಮೇಲೆ ಅದು ಹಿಡಿಯಲಿಲ್ಲ. ಒಂದು ಕಡೆ ಕಪಾಟು, ಒಂದು ಕಡೆ ಗೋಡೆ. ಅಕ್ಕ "ನೋಡು, ಬೇಡ ಅಂದಿದ್ದೆ" ಎಂದಳು. ಕಪಾಟನ್ನು ಅಡುಗೆಮನೆಗೆ ನೂಕಿದೆವು. ಈಗ ಸಾರಿನ ಪುಡಿ ಬೇಕಾದರೆ ಸೀರೆಗಳ ಹಿಂದೆ ಕೈ ಹಾಕಬೇಕು. ಹಾಕುತ್ತೇವೆ.

ಅಮ್ಮ

•

ಫೆಬ್ರವರಿ ೨೬

ಅಮ್ಮ,

ಈ ಸಲ ಊಟಕ್ಕೆ ಮುಂಚೆಯೇ ಓದಿದೆ. ಸಿಟ್ಟು ಬಂತು.

ಎಲ್ಲದಕ್ಕೂ ನಿನ್ನ ಹಠ. ಆಸ್ಪತ್ರೆಯಲ್ಲಿ ಊರುಗೋಲು ಬೇಡ ಅಂದೆ. ಮನೆಗೆ ಬಂದ ಮೇಲೆ ದೊಡ್ಡಮ್ಮನ ಕೈ ಬೇಡ ಅಂದೆ. ಈಗ ನಾನು ತಲೆ ಕೆಡಿಸಿಕೊಂಡು ಲೆಕ್ಕ ಹಾಕಿ ಕಳಿಸಿದ್ದರಲ್ಲಿ ಅವಳು ರವಿಕೆ ಹೊಲಿಯುತ್ತಾಳೆ. ಚೆನ್ನಾಗಿದೆ.

ಪರದೆಯ ಜಗಳ ಅಲ್ಲ ಇದು, ನಿನಗೂ ಗೊತ್ತು. ನನಗೆ ಯಾವುದು ಭಯ ಅಂತ ಹೇಳಿಬಿಡುತ್ತೇನೆ. ಇವತ್ತು ಅಗಲದ ಪರದೆಯಲ್ಲಿ ಅಭ್ಯಾಸ ಮಾಡುತ್ತೀಯ. ಎಡಗಡೆ ನೋಡಲು ಕಲಿತೆ ಅಂತ ನಿನಗೆ ಅನ್ನಿಸುತ್ತದೆ. ಅನ್ನಿಸಿದ ಮೇಲೆ ಒಂದು ದಿನ ಯಾರದೋ ಗಾಡಿಯ ಕೀಲಿ ಇಸಿದುಕೊಳ್ಳುತ್ತೀಯ. "ಇಲ್ಲೇ ತಿರುವಿನ ತನಕ" ಅನ್ನುತ್ತೀಯ. ಕಿತ್ತುಕೊಂಡ ಲೈಸೆನ್ಸನ್ನು ಹೇಗಾದರೂ ವಾಪಸು ತರಿಸಿಕೊಳ್ಳಬೇಕು ಅಂತ ಈ ಆಟ ಆಡುತ್ತಿದ್ದೀಯ ಅಂತ ನನ್ನ ಅನುಮಾನ. ಒಂದು ದಿನ ಇಲ್ಲಿಗೆ ಫೋನ್ ಬರುತ್ತದೆ, ನಾನು ದೋಣಿಗೆ ಕಾಯುತ್ತಾ ಕೂರಬೇಕಾಗುತ್ತದೆ. ಹಿಂದಿನ ಸಲ ಹಾಗೇ ಕೂತಿದ್ದೆ. ಇನ್ನೊಂದು ಸಲ ನನ್ನಿಂದಾಗುವುದಿಲ್ಲ.

ಇನ್ನೊಂದು ಮಾತು. ಬರೆಯಬಾರದು ಅಂತಿದ್ದೆ. ನಿನ್ನ ಪತ್ರಗಳಲ್ಲಿ ಎಡಗಡೆಯ ಅರ್ಧ ಹಾಳೆ ಖಾಲಿ ಇರುತ್ತದೆ. ಪ್ರತಿ ಸಾಲನ್ನೂ ನಡುವಿನಿಂದ ಶುರು ಮಾಡುತ್ತೀಯ. ಬೇಕಂತಲೇ ಬಿಡುತ್ತಿದ್ದೀಯಾ, ಅಥವಾ ಅಲ್ಲಿ ಹಾಳೆ ಇದೆ ಅಂತಲೇ ನಿನಗೆ ಗೊತ್ತಿಲ್ಲವಾ? ಹಾಳೆ ಇರುವುದೇ ಗೊತ್ತಾಗದವಳಿಗೆ ಕಂಬ ಇರುವುದು ಗೊತ್ತಾಗುತ್ತದಾ?

ಹಾರ್ನು

•

ಮಾರ್ಚ್ ೧೧

ಹಾರ್ನು,

ನಿನ್ನ ಪತ್ರ ಬಂತು.

ಲೈಸೆನ್ಸನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ವಾರವೇ ನಾನು ಡಿಪೋಗೆ ಹೋಗಿ ಅಧಿಕಾರಿಯ ಮೇಜಿನ ಮೇಲೆ ಇಟ್ಟು ಬಂದೆ. ಅವರು ಕೇಳುವುದಕ್ಕೂ ಮುಂಚೆ. ಹಿಂದೆ ಸೀಟಿನಲ್ಲಿ ಬೇರೆಯವರ ಮಕ್ಕಳು ಕೂತಿರುತ್ತಾರೆ ಅನ್ನುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ನಿನಗೆ ಹೇಳಲಿಲ್ಲ, ಯಾಕೆಂದರೆ ಹೇಳಿದರೆ ನೀನು "ಒಳ್ಳೇದಾಯ್ತಮ್ಮ" ಅನ್ನುತ್ತಿದ್ದೆ. ಆ ಮಾತು ಕೇಳುವ ಶಕ್ತಿ ಆಗ ನನಗಿರಲಿಲ್ಲ.

ಹಾಳೆಯ ವಿಷಯ. ಗೊತ್ತಿರಲಿಲ್ಲ.

ಅಮ್ಮ

•

ಏಪ್ರಿಲ್ ೨೩

ಕಂದಾ,

ನಾನು ನಿನ್ನ ದೊಡ್ಡಮ್ಮ. ಬರೆದು ಅಭ್ಯಾಸವಿಲ್ಲ, ಸೂಜಿ ಹಿಡಿಯುವ ಕೈ. ನಿಮ್ಮಮ್ಮ ನಿನಗೆ ಬರೆಯುತ್ತಿಲ್ಲ, ನೀನೂ ಬರೆಯುತ್ತಿಲ್ಲ. ದೋಣಿ ಸುಮ್ಮನೆ ಹೋಗಿಬರುತ್ತಿದೆ. ನಿಮ್ಮಿಬ್ಬರ ನಡುವೆ ನನಗೆ ತಲೆ ಚಿಟ್ಟುಹಿಡಿದಿದೆ, ಅದಕ್ಕೇ ಇದು.

ನಿನ್ನ ಪತ್ರ ಓದಿದ ದಿನ ಅವಳು ಊಟ ಮಾಡಲಿಲ್ಲ. ತನ್ನ ಡೈರಿ, ಸಾಮಾನಿನ ಚೀಟಿ, ಏನೇನು ಬರೆದಿದ್ದಳೋ ಎಲ್ಲ ಹರಡಿಕೊಂಡು ನೋಡಿದಳು. ಎಲ್ಲದರಲ್ಲೂ ಎಡಗಡೆ ಬೋಳು. "ಅಕ್ಕ, ನೀನ್ಯಾಕೆ ಹೇಳ್ಲಿಲ್ಲ?" ಅಂದಳು. "ಹೇಳಿ ಏನ್ ಮಾಡ್ಲಿ, ನೊಂದ್ಕೋತೀಯ ಅಂತ ಸುಮ್ನಿದ್ದೆ," ಅಂದೆ. "ಎಲ್ರೂ ಹಿಂಗೇ ಸುಮ್ನಿದ್ರೆ ನಂಗೆ ಗೊತ್ತಾಗೋದು ಯಾವಾಗ?" ಎಂದು ರೇಗಿದಳು. ಅವತ್ತಿನಿಂದ ತಟ್ಟೆ ತಿರುಗಿಸಲು ಬಿಡುವುದಿಲ್ಲ. "ತಟ್ಟೆ ಮುಟ್ಬೇಡ, ನಾನೇ ತಿರುಗ್ತೀನಿ," ಅನ್ನುತ್ತಾಳೆ. ಒಂದೊಂದು ದಿನ ಮರೆತು ಅರ್ಧ ಊಟಕ್ಕೇ ಏಳುತ್ತಾಳೆ. ನಾನು ತುಟಿ ಹೊಲಿದುಕೊಂಡು ಕೂರುತ್ತೇನೆ. ಕೈತೊಳೆಯಲು ಹೋದವಳು ನೆನಪಾಗಿ ಬೈದುಕೊಳ್ಳುತ್ತಾ ವಾಪಸು ಬಂದು ಉಳಿದದ್ದನ್ನು ತಿನ್ನುತ್ತಾಳೆ.

ಇನ್ನು ಆ ಪರದೆಯ ಕಥೆ. ಅಗಲ ಅಂದರೆ ಅಗಲ ಕಣಮ್ಮ, ಒಂದು ಪಂಚೆ ಒಣಹಾಕಬಹುದು. ಮೊದಮೊದಲು ನಾನು ಪಕ್ಕದಲ್ಲಿ ಗುಂಡಿ ಹಾಕುತ್ತಾ ಕೂತು "ಎಡಗಡೆ ಕಂಬ! ಎಡಗಡೆ ಕಾರು!" ಎಂದು ಕೂಗುತ್ತಿದ್ದೆ. ಒಂದು ದಿನ ಸ್ಟೀರಿಂಗು ಬಿಟ್ಟು ನನ್ನ ಕಡೆ ತಿರುಗಿ, "ನೀನು ಹೇಳಿದ್ರೆ ಆಡ್ತಿರೋದು ನೀನು, ನಾನಲ್ಲ. ಒಳಗೆ ಹೋಗು," ಅಂದಳು. ನನ್ನ ಮನೆಯಲ್ಲಿ ನನ್ನನ್ನೇ ಒಳಗೆ ಕಳಿಸಿದಳು. ಹೋದೆ.

ಕೊನೆಯದಕ್ಕಿಂತ ಮುಂಚಿನ ನಿಲ್ದಾಣದಲ್ಲಿ ಒಬ್ಬ ಹೆಂಗಸು ಕೊಡೆ ಹಿಡಿದು ಓಡಿಬರುತ್ತಾಳಂತೆ, ಆಟದಲ್ಲಿ. ಇವಳು ಪ್ರತಿಸಲ ಅವಳ ಮುಖಕ್ಕೇ ಬಾಗಿಲು ಹಾಕಿ ಹೊರಡುತ್ತಾಳೆ. "ಪ್ರಯಾಣಿಕರನ್ನು ಬಿಟ್ಟು ಹೋದಿರಿ" ಅಂತ ಕೆಂಪಗೆ ಬರೆದು ಬರುತ್ತದೆ. ಅದನ್ನು ನೋಡಿದಾಗಲೆಲ್ಲ ಇವಳ ಮುಖವೂ ಕೆಂಪಗೆ. ಸ್ವಂತ ಮಗುವನ್ನು ಸಂತೆಯಲ್ಲಿ ಬಿಟ್ಟು ಬಂದವಳ ಹಾಗೆ ಆಡುತ್ತಾಳೆ.

ಅವರಿಗೆಲ್ಲ ಒಬ್ಬ ಕ್ಯಾಪ್ಟನ್ ಇದ್ದಾನಲ್ಲ, ಹಗಲು ಎಲ್ಲೋ ಔಷಧಿ ಅಂಗಡಿ ನಡೆಸುವವನು, ಒಳ್ಳೆಯ ಹುಡುಗ. ಸ್ಪೀಕರಿನಲ್ಲಿ ನನಗೂ ಕೇಳಿಸಿತು. "ಹಳೇ ಕ್ಲಚ್ಚಮ್ಮ, ಬೇಜಾರ್ ಮಾಡ್ಕೋಬೇಡಿ. ನಿಮ್ಮಿಂದ ಸಾಲಿಗೆ ದಿನಾ ಅಂಕ ಹೋಗ್ತಿದೆ. ಚಿಕ್ಕ ಸ್ಕ್ರೀನ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಕೊನೇಲಿ ಬನ್ನಿ," ಅಂದ.

"ಕೊನೇಲಿ ಬಂದ್ರೆ ಮುಂದಿನೋರು ಎಲ್ಲಾ ಜನಾನ ಹತ್ತಿಸ್ಕೊಂಡ್ ಹೋಗಿರ್ತಾರೆ. ಖಾಲಿ ಬಸ್ ಓಡ್ಸೋಕೆ ನಾನ್ಯಾಕೆ ಬೇಕು?" ಎಂದು ಇವಳು.

"ಹಂಗಿದ್ರೆ ಸ್ವಲ್ಪ ದಿನ ಸಾಲಿಗೆ ಬರಬೇಡಿ."

"ಸರಿ. ಮುಂದೆ ನಿಂತು ಓಡ್ಸೋಕೆ ಬಂದಾಗ ಬರ್ತೀನಿ. ಆಗ ನಿಮ್ಮ ಬಸ್ಸು ನನ್ನ ಹಿಂದೆ ಇರುತ್ತೆ."

ಹೀಗೆ ಹೇಳಿ ಎದ್ದು ಬಂದವಳು ಕಪಾಟಿನ ಮುಂದೆ ನಿಂತು ಅತ್ತಳು. ಸಾರಿನ ಪುಡಿ ಹುಡುಕುತ್ತಿದ್ದೇನೆ ಅಂದಳು. ನಾನೂ ನಂಬಿದ ಹಾಗೆ ಮಾಡಿದೆ.

ಈಗ ದಿನಾ ಸಂಜೆ ಒಬ್ಬಳೇ ಆ ದಾರಿಯಲ್ಲೇ ಓಡಿಸುತ್ತಾಳೆ. ಕತ್ತು ನೋಯುತ್ತದೆ ಅಂತ ನನ್ನ ಕೈಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತಾಳೆ. ನಾನು ಬೇಡ ಅನ್ನುವುದನ್ನು ಬಿಟ್ಟಿದ್ದೇನೆ. ಅವಳು ಬೀದಿ ದಾಟುವಾಗ ಮೊನ್ನೆ ನನ್ನ ಕೈ ಹಿಡಿಯಲಿಲ್ಲ. ಅದನ್ನು ನೋಡಿ ನನಗೆ ಸಂತೋಷವಾಯಿತು, ಆದರೂ ಎರಡು ಹೆಜ್ಜೆ ಹಿಂದೆಯೇ ನಡೆದೆ.

ನೀನು ಯಾಕೆ ಬರುತ್ತಿಲ್ಲ ಅಂತ ಅವಳು ಕೇಳುವುದಿಲ್ಲ. ನಾನು ಕೇಳುತ್ತಿದ್ದೇನೆ. ಹುಷಾರಿಲ್ಲದವನು ಇನ್ನೂ ಹುಷಾರಾಗಿಲ್ಲವಾ?

ದೊಡ್ಡಮ್ಮ

•

ಮೇ ೧೭

ಅಮ್ಮ,

ದೊಡ್ಡಮ್ಮ ಬರೆದಿದ್ದಳು. ಅವಳ ಮೇಲೆ ರೇಗಬೇಡ.

ನಾನು ಒಂದು ಕೆಲಸ ಮಾಡಿದೆ. ಇಲ್ಲಿ ಕೆಲಸಕ್ಕೆ ಹೋಗುವಾಗ ದಪ್ಪ ಕನ್ನಡಕ ಹಾಕಿಕೊಳ್ಳಬೇಕು, ಕಿಡಿ ಹಾರಿದರೆ ಕಣ್ಣಿಗೆ ತಾಗಬಾರದು ಅಂತ. ರಜೆಯ ದಿನ ಆ ಕನ್ನಡಕದ ಎರಡೂ ಗಾಜಿನ ಎಡ ಅರ್ಧಕ್ಕೆ ಕರಿ ಟೇಪು ಅಂಟಿಸಿದೆ. ತಂತಿಗೆ ಸುತ್ತುವ ಟೇಪು. ಹಾಕಿಕೊಂಡು ನನ್ನ ಕೋಣೆಯಿಂದ ಊಟದ ಹಾಲ್‌ಗೆ ಹೊರಟೆ. ದಿನಾ ಓಡಾಡುವ ದಾರಿ, ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ ಅಂದುಕೊಂಡಿದ್ದೆ.

ಬೆಂಕಿ ನಂದಿಸುವ ಸಿಲಿಂಡರಿಗೆ ಮೊಣಕೈ ತಾಗಿತು. ಬಾಗಿಲಿಗೆ ಭುಜ ತಾಗಿತು. ಹಾಲ್‌ನಲ್ಲಿ ಅಡುಗೆಯವನು ಎಡಗಡೆಯಿಂದ ಬಂದು "ಏನಮ್ಮಾ ವೇಷ?" ಅಂದ. ನಾನು ಬೆಚ್ಚಿಬಿದ್ದು ನೀರಿನ ಲೋಟ ಕೆಡವಿದೆ. ಎಲ್ಲರೂ ನಕ್ಕರು. ನನಗೆ ಅಳು ಬಂತು.

ಆಮೇಲೆ ಕೂತು ಊಟ ಮಾಡಿದೆ. ಬರೀ ಬಲಗಡೆ ನೋಡುತ್ತಾ ಕೂತಿದ್ದಾಗ ಏನೂ ತೊಂದರೆ ಇರಲಿಲ್ಲ, ಆರಾಮಾಗಿತ್ತು. ಆದರೆ ಆ ಆರಾಮ ನನಗೆ ಸೇರಲಿಲ್ಲ. ಹಾಲ್‌ನ ಅರ್ಧದಲ್ಲಿ ಯಾರು ಯಾರು ಕೂತಿದ್ದಾರೆ, ಯಾರು ಎದ್ದು ಹೋದರು, ಒಂದೂ ಗೊತ್ತಾಗುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನೋಡಿಕೊಂಡರೆ ಕತ್ತು ತಾನಾಗಿಯೇ ಎಡಕ್ಕೆ ತಿರುಗಿ ತಿರುಗಿ ನೋಡುತ್ತಿತ್ತು. ನಾನು ಹೇಳಿರಲಿಲ್ಲ ಅದಕ್ಕೆ.

ನಾನು ನಿನಗೆ ಆ ಆರಾಮವನ್ನೇ ಪ್ಯಾಕ್ ಮಾಡಿ ಕಳಿಸಿದ್ದೆ.

ಟೇಪು ಕಿತ್ತರೆ ನನಗೆ ಎಲ್ಲ ಕಾಣುತ್ತದೆ, ನಿನಗೆ ಕೀಳುವುದಕ್ಕೆ ಟೇಪಿಲ್ಲ. ಆದ್ದರಿಂದ ಎಲ್ಲ ಅರ್ಥವಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಅಗಲದ್ದು ಯಾಕೆ ಬೇಕು ಅಂತ ಇನ್ನು ಕೇಳುವುದಿಲ್ಲ.

ಜೂನ್ ಕೊನೆಗೆ ರಜೆ ಇದೆ. ಹುಷಾರಿಲ್ಲದವನು ಹುಷಾರಾಗಿದ್ದಾನೆ. ಹುಷಾರಾಗಿ ಬಹಳ ದಿನವಾಯಿತು.

ಬಂದರೆ ನಿನ್ನ ಪಕ್ಕ ಎಲ್ಲಿ ಕೂರಬೇಕು ಅಂತ ಯೋಚಿಸುತ್ತಿದ್ದೆ. ಬಲಗಡೆ ತಾನೆ? ನಿನಗೆ ಕಾಣುವ ಹಾಗೆ?

ಹಾರ್ನು

•

ಜೂನ್ ೮

ಹಾರ್ನು,

ಮೊದಲು ಈ ಹಾಳೆಯನ್ನು ಮೇಜಿನ ಮೇಲಿಟ್ಟು ನೋಡು. ಅಂಚನ್ನು ಬೆರಳಿನಲ್ಲಿ ಹುಡುಕಿ ಅಲ್ಲಿಂದಲೇ ಶುರು ಮಾಡಿದ್ದೇನೆ. ಉತ್ಸಾಹ ಜಾಸ್ತಿಯಾಗಿ ನಿನ್ನ ಹೆಸರಿನ ಮೊದಲ ಅಕ್ಷರ ಅರ್ಧ ಮೇಜಿನ ಮೇಲೆ ಬಿತ್ತು, ಅಕ್ಕ ಬೈದುಕೊಂಡು ಒರೆಸಿದಳು. ಈಗ ಹೇಳು, ಖಾಲಿ ಜಾಗ ಎಲ್ಲಿದೆ?

ಅಡುಗೆಯವನಿಗೆ ನನ್ನ ಕಡೆಯಿಂದ ಹೇಳು, ಎಡಗಡೆಯಿಂದ ಬರುವಾಗ ಕೆಮ್ಮಿಕೊಂಡು ಬಾ ಅಂತ. ನನ್ನ ಕೈಯಲ್ಲೂ ಎಷ್ಟೋ ಲೋಟ ಒಡೆದಿವೆ. ಟೇಪಿನ ವಿಷಯ ಓದಿ ನಕ್ಕೆ. ಎರಡನೇ ಸಲ ಓದುವಾಗ ನಗು ಬರಲಿಲ್ಲ. ಪತ್ರವನ್ನು ಅಕ್ಕನಿಗೂ ಓದಲು ಕೊಡದೆ ಇಟ್ಟುಕೊಂಡಿದ್ದೇನೆ.

ಈಗ ಕೇಳು. ನಿನ್ನೆ ಸಾಲಿಗೆ ವಾಪಸು ಹೋದೆ. ಕ್ಯಾಪ್ಟನ್ "ಬಂದ್ರಾ ಅಮ್ಮ, ಕೊನೇಲಿ ಜಾಗ ಇದೆ," ಅಂದ. "ಮುಂದಿನ ಜಾಗ ಕೊಡಿ. ಒಂದೇ ಒಂದು ಸಲ. ತಪ್ಪಿದ್ರೆ ಇನ್ನು ಈ ಕಡೆ ತಲೆ ಹಾಕಲ್ಲ," ಅಂದೆ. ಅಂದ ಮೇಲೆ ನನಗೇ ಭಯವಾಯಿತು. ಈ ಸಂಜೆಗಳೂ ಹೋದರೆ ನನ್ನ ಹತ್ತಿರ ಏನುಳಿಯುತ್ತದೆ? ರವಿಕೆಗೆ ಗುಂಡಿ ಹಾಕಬೇಕು. ಆದರೂ ಆಡಿದ ಮಾತು ಆಡಿಯಾಗಿತ್ತು. ಅವನು ಬಿಟ್ಟುಕೊಟ್ಟ.

ಇಷ್ಟು ತಿಂಗಳಲ್ಲಿ ನಾನು ಕಂಡುಕೊಂಡದ್ದು ಒಂದೇ. ನೇರ ನೋಡುತ್ತಾ ಕೂತರೆ ನನಗೆ ಅರ್ಧ ಪರದೆ. ಎಡ ತುದಿಯನ್ನು, ಏನೂ ಇಲ್ಲ ಅನ್ನಿಸುವ ಆ ತುದಿಯನ್ನು ಬೇಕಂತಲೇ ತಿರುಗಿ ನೋಡಿದರೆ ಇಡೀ ಪರದೆ ಬಲಕ್ಕೆ ಬಂದು ಬೀಳುತ್ತದೆ. ಆ ಒಂದು ಕ್ಷಣ ನನಗೆ ಎಲ್ಲವೂ ಕಾಣುತ್ತದೆ. ಕತ್ತು ಮಾತ್ರ ಸುಮ್ಮನಿರಬಾರದು. ಸುಮ್ಮನಿರು ಅಂತ ಹೇಳುವವರ ಮಾತು ಕೇಳಬಾರದು, ಅಷ್ಟೆ.

ಸೇತುವೆ ದಾಟಿದೆ, ಏನೂ ತಾಗಲಿಲ್ಲ. ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ಎಡಕ್ಕೆ ಒಬ್ಬ ಸೈಕಲ್ಲಿನವನು ನುಗ್ಗಿದ, ಕಂಡ. ಹಿಂದೆ ಏಳು ಬಸ್ಸು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳಂತೆ, ಕಂಬ ಅಂತ ಕೂಗಿಬಿಟ್ಟೇನು ಎಂದು. ಕೊನೆಯದಕ್ಕಿಂತ ಮುಂಚಿನ ನಿಲ್ದಾಣಕ್ಕೆ ಬಂದಾಗ ಹೊತ್ತಿಗೆ ಸರಿಯಾಗಿದ್ದೆ. ಜನ ಹತ್ತಿದರು. ಬಾಗಿಲಿನ ಗುಂಡಿಯ ಮೇಲೆ ಬೆರಳಿಟ್ಟೆ. ಆಗ ತಿರುಗಿದೆ. ಕನ್ನಡಿಯಲ್ಲಿ ದೂರದಲ್ಲಿ ಒಂದು ನೀಲಿ ಚುಕ್ಕೆ. ಕೊಡೆ.

ಕಾದೆ. ಅವಳು ಏನು ಓಡುತ್ತಾಳೆ ಅಂತೀಯಾ, ಅವಳ ಓಟಕ್ಕಿಂತ ನನ್ನ ನಡಿಗೆ ವಾಸಿ. ಹಿಂದಿನ ಬಸ್ಸುಗಳೆಲ್ಲ ಹಾರ್ನು ಹೊಡೆಯಲು ಶುರು ಮಾಡಿದವು. ಕ್ಯಾಪ್ಟನ್ "ಅಮ್ಮ, ಹೊರಡಿ, ಟೈಮು ಹೋಗ್ತಿದೆ, ಅಂಕ ಹೋಗುತ್ತೆ!" ಎಂದು ಕೂಗಿದ.

"ಹೋಗ್ಲಿ. ಎಡಗಡೆ ಒಬ್ಳು ಬರ್ತಿದಾಳೆ," ಅಂದೆ.

ಅವಳು ಬಂದಳು, ಕೊಡೆ ಮಡಚಿದಳು, ಹತ್ತಿದಳು. ಆಮೇಲೆ ಬಾಗಿಲು ಹಾಕಿದೆ. ಸಾಲಿಗೆ ಹೊತ್ತು ಮೀರಿದ ತಪ್ಪು ಬಿತ್ತು. ಅದು ನನ್ನ ತಪ್ಪೇ, ಇಲ್ಲ ಅನ್ನಲಿಲ್ಲ. ಆದರೆ ಪರದೆಯ ಮೇಲೆ ಆ ಕೆಂಪು ಅಕ್ಷರ ಬರಲಿಲ್ಲ. ಕ್ಯಾಪ್ಟನ್ ಆಮೇಲೆ "ನಾನು ಇಷ್ಟು ವರ್ಷ ಆಡ್ತಿದೀನಿ, ನಂಗೂ ಆ ಕೆಂಪು ಅಕ್ಷರ ಯಾಕೆ ಬರುತ್ತೆ ಅಂತಾನೇ ಗೊತ್ತಿರ್ಲಿಲ್ಲ, ಆ ಹೆಂಗಸು ಇರೋದೇ ನೋಡಿರ್ಲಿಲ್ಲಮ್ಮ," ಅಂದ. ನಾಳೆಯೂ ಮುಂದೆ ಬನ್ನಿ ಅಂದ. ನಾನು ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸುವುದೇನಿದೆ, ಹೋಗುತ್ತೇನೆ. ಸುಮ್ಮನೆ ಸತಾಯಿಸಿದೆ.

ಇನ್ನು ನೀನು ಕೇಳಿದ್ದು. ನೀನು ಯಾಕೆ ಬರಲಿಲ್ಲ ಅಂತ ನನಗೆ ಮೊದಲಿನಿಂದ ಗೊತ್ತು. ಬಾಗಿಲಿಗೆ ಡಿಕ್ಕಿ ಹೊಡೆಯುವ ಅಮ್ಮನನ್ನು ನೋಡಲು ನಿನಗೆ ಧೈರ್ಯವಿರಲಿಲ್ಲ. ನನಗೂ ನಿನಗೆ ತೋರಿಸುವ ಧೈರ್ಯವಿರಲಿಲ್ಲ, ಅದಕ್ಕೇ ನಾನೂ ಬಾ ಅನ್ನಲಿಲ್ಲ. ಈಗ ಅನ್ನುತ್ತಿದ್ದೇನೆ. ಬಾ. ಈಗಲೂ ಡಿಕ್ಕಿ ಹೊಡೆಯುತ್ತೇನೆ, ನೋಡು. ಏನೀಗ?

ಬಲಗಡೆ ಕೂರಬೇಡ. ಬಲಗಡೆ ಎಲ್ಲರೂ ಕೂರುತ್ತಾರೆ. ಡಾಕ್ಟರು ಅಲ್ಲೇ ಕೂತರು, ಡಿಪೋದವರು ಅಲ್ಲೇ ಕೂತು ಪಾಪ ಅಂದರು, ಅಕ್ಕನೂ ಅಲ್ಲೇ ಕೂರುತ್ತಾಳೆ. ಅಲ್ಲಿ ಕೂತವರನ್ನು ನೋಡಲು ನಾನು ಏನೂ ಮಾಡಬೇಕಾಗಿಲ್ಲ.

ನೀನು ಎಡಗಡೆ ಕೂರು. ಬಾನೆಟ್ಟಿನ ಮೇಲೆ ಕೂರುತ್ತಿದ್ದ ಕಡೆ. ಅಲ್ಲಿ ಸ್ಟೂಲು ಹಾಕಿ ಚೀಲ ಹಾಸಿದ್ದೇನೆ. ಬಂದು ಸುಮ್ಮನೆ ಕೂತುಕೋ. ಕೆಮ್ಮಬೇಡ, ಅಮ್ಮ ಇಲ್ಲಿದ್ದೀನಿ ಅನ್ನಬೇಡ, ಹುಟ್ಟಿದಾಗಿನಿಂದ ಕಿರುಚಿದ್ದು ಸಾಕು.

ನಾನೇ ತಿರುಗಿ ನೋಡುತ್ತೇನೆ.

ಅಮ್ಮ